ಯಾವ ನೂರಕ್ಕೆ?

ಎಂಟನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್‌ನಲ್ಲಿ ನಾನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದ ಒಂದು ಉತ್ತರ ಇನ್ನೂ ತಲೆಯಿಂದ ಹೋಗಿಲ್ಲ. ಲೆಕ್ಕ ಹೀಗಿತ್ತು. ಒಂದು ಸೀರೆಗೆ ಶೇ. 20 ರಿಯಾಯಿತಿ ಕೊಟ್ಟು 960 ರೂಪಾಯಿಗೆ ಮಾರಿದರು. ಸೀರೆಯ ಮೇಲೆ ನಮೂದಿಸಿದ್ದ ಬೆಲೆ ಎಷ್ಟು? ಅವಳು 1152 ಎಂದು ಬರೆದಿದ್ದಳು. 960ಕ್ಕೆ ಶೇಕಡಾ 20 ಅಂದರೆ 192. ಅದನ್ನು 960ಕ್ಕೆ ಕೂಡಿದರೆ 1152. ಗುಣಿಸಿದ್ದು ಸರಿ, ಭಾಗಿಸಿದ್ದು ಸರಿ, ಕೂಡಿದ್ದೂ ಸರಿ. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆದರೆ ಉತ್ತರ 1200 ಬರಬೇಕಿತ್ತು. ನಾನು ಅಡ್ಡಗೀಟು ಎಳೆದೆ. ಪಕ್ಕದಲ್ಲಿ ಸೂತ್ರ ಬರೆದುಕೊಟ್ಟೆ.

ಅವಳು ನೋಟ್‌ಬುಕ್ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. "ಮಿಸ್, ಅಂಗಡಿಯವ್ರು ಇಪ್ಪತ್ತು ಕಳೆದವ್ರೆ. ನಾನು ಇಪ್ಪತ್ತು ವಾಪಸ್ ಸೇರಿಸಿದೀನಿ. ಮತ್ತೆ ಮೊದಲಿನ ಬೆಲೆ ಯಾಕೆ ಬರಲ್ಲ?" ಅಷ್ಟರಲ್ಲಿ ಬೆಲ್ ಹೊಡೆಯಿತು. ಬಿಸಿಯೂಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಓಡುತ್ತಿದ್ದರು. "ಸೂತ್ರ ಹಾಕಮ್ಮ, ಬರುತ್ತೆ" ಅಂದೆ. ಅವಳು ತಲೆಯಾಡಿಸಿ ಹೋದಳು. ಮುಂದಿನ ಕಿರುಪರೀಕ್ಷೆಯಲ್ಲಿ ಅದೇ ತರಹದ ಲೆಕ್ಕ ಬಂದಿತ್ತು. ಸೂತ್ರ ಹಾಕಿ ಸರಿಯಾದ ಉತ್ತರ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಕೊಡುವಾಗ ಕೈ ಸ್ವಲ್ಪ ತಡೆಯಿತು. ಅವಳು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

ಮಂಡ್ಯ ಕಡೆಯ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿ ಹದಿನಾರು ವರ್ಷವಾಯಿತು. ಪ್ರತಿ ವರ್ಷ ಇದೇ ಜಾಗದಲ್ಲಿ ಮಕ್ಕಳು ಎಡವುತ್ತಾರೆ. ಶೇಕಡಾ ಶುರುವಾದ ಮೊದಲ ವಾರ ಎಲ್ಲರೂ ಖುಷಿಯಾಗಿರುತ್ತಾರೆ. 300ರ ಶೇ. 15 ಎಷ್ಟು ಅಂದರೆ ಇಡೀ ತರಗತಿ ಒಟ್ಟಿಗೆ "ನಲವತ್ತೈದು" ಎಂದು ಕೂಗುತ್ತದೆ. ಲಾಭ-ನಷ್ಟ ಬರುತ್ತದೆ. ಕೊಂ.ಬೆ. (ಕೊಂಡ ಬೆಲೆ), ಮಾ.ಬೆ. (ಮಾರಿದ ಬೆಲೆ) ಎಂಬ ಚುಟುಕು ಅಕ್ಷರಗಳು ಬರುತ್ತವೆ. ಆಮೇಲೆ ಲೆಕ್ಕ ತಿರುಗಿ ನಿಲ್ಲುತ್ತದೆ. ಉತ್ತರ ಕೊಟ್ಟಿದ್ದಾರೆ, ಶುರುವಿನ ಸಂಖ್ಯೆ ಹುಡುಕಬೇಕು. ಅಲ್ಲಿಗೆ ತರಗತಿ ಸದ್ದಿಲ್ಲದೆ ಕೂರುತ್ತದೆ. ಇಷ್ಟು ವರ್ಷ ನಾನು ಅದನ್ನು ಕಷ್ಟದ ಲೆಕ್ಕ ಎಂದುಕೊಂಡಿದ್ದೆ. ಜಾಸ್ತಿ ಅಭ್ಯಾಸ ಮಾಡಿಸಿದರೆ ಸರಿಹೋಗುತ್ತದೆ ಅಂತ ನಂಬಿದ್ದೆ. ಆ ಹುಡುಗಿಯ ಮಾತು ಕೇಳಿದ ಮೇಲೆ ಬೇರೆಯೇ ಏನೋ ಕಾಣತೊಡಗಿತು. ಅಂಗಡಿಯವನು ಕಳೆದ ಇಪ್ಪತ್ತು 240 ರೂಪಾಯಿ. ಅವಳು ಸೇರಿಸಿದ ಇಪ್ಪತ್ತು 192 ರೂಪಾಯಿ. ಎರಡಕ್ಕೂ ಹೆಸರು ಇಪ್ಪತ್ತು. ಅಂಗಡಿಯವನ ಇಪ್ಪತ್ತು ಒಂದು ನೂರಕ್ಕೆ ಸೇರಿದ್ದು, ಇವಳ ಇಪ್ಪತ್ತು ಇನ್ನೊಂದು ನೂರಕ್ಕೆ ಸೇರಿದ್ದು. ನಾನು ಆ ನೂರಿನ ಬಗ್ಗೆ ಅವಳಿಗೆ ಏನೂ ಹೇಳಿಯೇ ಇರಲಿಲ್ಲ.

ಅಜ್ಜಿಯ ಹುಣಸೆ ಬೀಜ

ನನಗೆ ಶೇಕಡಾ ಮೊದಲು ಹೇಳಿಕೊಟ್ಟವರು ಮೇಷ್ಟ್ರಲ್ಲ, ಅಜ್ಜಿ. ತುರುವೇಕೆರೆ ಕಡೆಯ ಹಳ್ಳಿ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಸ್ವಲ್ಪ ಉಳಿಸಿ, ಕೇರಿಯ ಹೆಂಗಸರಿಗೆ ಕೈಗಡ ಕೊಡುತ್ತಿದ್ದರು. ನಾನು ಏಳನೇ ತರಗತಿಯಲ್ಲಿದ್ದೆ. ದಸರಾ ರಜೆಗೆ ಹೋಗಿದ್ದೆ. ಒಂದು ಸಂಜೆ ಪಕ್ಕದ ಬೀದಿಯ ಹೆಂಗಸೊಬ್ಬರು ಸಾಲ ತೀರಿಸಲು ಬಂದರು. 750 ರೂಪಾಯಿ, ಐದು ತಿಂಗಳು, ಎರಡು ರೂಪಾಯಿ ಬಡ್ಡಿ. ನಾನು ಆಗಷ್ಟೇ ಸರಳ ಬಡ್ಡಿ ಕಲಿತಿದ್ದೆ. ಅಸಲು, ದರ, ಕಾಲ ಗುಣಿಸಿ ನೂರರಿಂದ ಭಾಗಿಸಬೇಕು. ಕಾಲವನ್ನು ವರ್ಷಕ್ಕೆ ತಿರುಗಿಸಬೇಕು. ಐದು ತಿಂಗಳು ಅಂದರೆ ಹನ್ನೆರಡರಲ್ಲಿ ಐದು ಭಾಗ. ಸ್ಲೇಟು ತಂದು ಮಾಡಿದೆ. "ಅಜ್ಜಿ, ಆರೂಕಾಲು ರೂಪಾಯಿ" ಎಂದು ಕೂಗಿದೆ.

ಅಜ್ಜಿ ನನ್ನ ಮುಖ ನೋಡಿದರು. ಬಂದಿದ್ದ ಹೆಂಗಸು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. "ನೂರಕ್ಕೆ ಎರಡು ಅಂದ್ರೆ ತಿಂಗಳಿಗೆ ಕಣವ್ವ" ಎಂದು ಅಜ್ಜಿ ಒಳಗೆ ಹೋಗಿ ಹಿಡಿ ಹುಣಸೆ ಬೀಜ ತಂದರು. ಜಗಲಿಯ ಮೇಲೆ ಏಳು ಬೀಜ ಸಾಲಾಗಿ ಇಟ್ಟರು. "ಇದು ಒಂದೊಂದೂ ನೂರು." ಎಂಟನೆಯದನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಂದು ಹೋಳನ್ನು ಸಾಲಿನ ಕೊನೆಗಿಟ್ಟರು. "ಇದು ಐವತ್ತು." ಆಮೇಲೆ ಪ್ರತಿ ಬೀಜದ ಮುಂದೆ ಎರಡೆರಡು ಅಕ್ಕಿಕಾಳು ಇಡುತ್ತಾ ಹೋದರು. ಹೋಳಿನ ಮುಂದೆ ಒಂದೇ ಕಾಳು. "ಎಣಿಸು" ಅಂದರು. ಹದಿನೈದು. "ಅದು ತಿಂಗಳಿಂದು. ಐದು ತಿಂಗಳಿಗೆ?" ಎಪ್ಪತ್ತೈದು. ಹೆಂಗಸು ಸೆರಗಿನ ಗಂಟು ಬಿಚ್ಚಿ 825 ರೂಪಾಯಿ ಎಣಿಸಿಕೊಟ್ಟರು. ಅವರು ಮನೆಯಿಂದಲೇ ಅಷ್ಟು ಎಣಿಸಿ ತಂದಿದ್ದರು. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ, ಇಬ್ಬರ ಲೆಕ್ಕವೂ ಒಂದೇ ಆಗಿತ್ತು.

ನನ್ನ ಆರೂಕಾಲು ರೂಪಾಯಿ ಸೂತ್ರದ ಪ್ರಕಾರ ತಪ್ಪೇನಲ್ಲ. ಪುಸ್ತಕದಲ್ಲಿ ದರ ಯಾವಾಗಲೂ ವರ್ಷಕ್ಕೆ. ಹಳ್ಳಿಯಲ್ಲಿ ಅದು ತಿಂಗಳಿಗೆ. ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 24. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇದು ಗೊಂದಲ ಮಾಡುತ್ತದೆ. ಒಬ್ಬ ವಿದ್ಯಾರ್ಥಿಯ ತಂದೆ ಪೋಷಕರ ಸಭೆಗೆ ಬಂದಾಗ ಹೀಗೆ ಹೇಳಿದ್ದರು. "ಬ್ಯಾಂಕ್ನಲ್ಲಿ ಒಡವೆ ಇಟ್ರೆ ಒಂಬತ್ತು ಅಂತಾರೆ ಮೇಡಂ. ನಮ್ಮೂರಲ್ಲಿ ಬರೀ ಮೂರಕ್ಕೆ ಸಿಗ್ತದೆ." ಒಂಬತ್ತು ವರ್ಷಕ್ಕೆ, ಮೂರು ತಿಂಗಳಿಗೆ. ಮೂರು ಅಂದರೆ ವರ್ಷಕ್ಕೆ ಮೂವತ್ತಾರು. ನಾಲ್ಕು ಪಟ್ಟು. ಅವರು ಪೆದ್ದರಲ್ಲ. ಬೆಳೆ, ಗೊಬ್ಬರ, ಕೂಲಿ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಮನುಷ್ಯ. ಅವರ ಮುಂದೆ ಎರಡು ಅಂಕಿ ಇದ್ದವು, ಆ ಅಂಕಿಗಳು ಯಾವುದರ ಮೇಲೆ ನಿಂತಿವೆ ಅನ್ನೋದನ್ನು ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೆ.

ಶೇಕಡಾ ಎನ್ನುವ ಮಾತು

ಮರಾಠಿಯಲ್ಲಿ ಶೇಕಡಾ ಅಂದರೆ ನೂರು, ನೂರರ ಗುಂಪು. ಆ ಪದ ನಮ್ಮಲ್ಲಿಗೆ ಬಂದು ಪತ್ರಿಕೆಯಲ್ಲಿ 'ಶೇ.' ಎಂದು ಎರಡಕ್ಷರಕ್ಕೂ ಕಡಿಮೆಯಾಗಿ ಕೂತಿದೆ. ಮಕ್ಕಳ ಕಿವಿಗೆ ಅದರಲ್ಲಿ ನೂರು ಕೇಳಿಸುವುದೇ ಇಲ್ಲ. ಅದೊಂದು ಗುರುತು ಮಾತ್ರ. ನಾವು ಮನೆಯಲ್ಲಿ ಆಡುವ 'ನೂರಕ್ಕೆ ಎರಡು' ಎಂಬ ಮಾತಿನಲ್ಲಿ ಎಲ್ಲವೂ ಬಿಚ್ಚಿ ಹೇಳಿದ ಹಾಗಿದೆ. ನೂರು ಇದೆ, ಎರಡು ಇದೆ, ನಡುವೆ ಆ 'ಕ್ಕೆ' ಇದೆ. ನನಗೆ ಆ 'ಕ್ಕೆ' ಮೇಲೆ ತುಂಬಾ ಪ್ರೀತಿ. ಕೆ.ಜಿ.ಗೆ ಇಷ್ಟು, ಎಕರೆಗೆ ಇಷ್ಟು, ತಲೆಗೆ ಇಷ್ಟು ಅಂತ ಮಗು ಹುಟ್ಟಿದಾಗಿನಿಂದ ಕೇಳಿರುತ್ತದೆ. ನೂರಕ್ಕೆ ಇಷ್ಟು ಅಂದರೆ ಅದೇ ಸಾಲಿಗೆ ಸೇರುತ್ತದೆ. ಈಗ ನಾನು ಮೊದಲ ಎರಡು ವಾರ ಶೇಕಡಾ ಎಂಬ ಪದವನ್ನೇ ಬೋರ್ಡಿನ ಮೇಲೆ ಬರೆಯುವುದಿಲ್ಲ.

ಈ ಮಾತು ಬಹಳ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಒಂದು ಲೆಕ್ಕ ಬರುತ್ತದೆ. ತಿಂಗಳಿಗೆ ನೂರಕ್ಕೆ ಐದು ಬಡ್ಡಿಯಾದರೆ ಹದಿನಾರಕ್ಕೆ ಒಂದು ವರ್ಷಕ್ಕೆ ಎಷ್ಟು? ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು. ಜಗಲಿಯ ಮೇಲೆ ಅಜ್ಜಿ ಆಡಿದ ಮಾತೇ ಅದು. ತಿಂಗಳಿಗೆ, ನೂರಕ್ಕೆ. ಉತ್ತರ ಒಂಬತ್ತು ಮತ್ತು ಐದನೇ ಮೂರು, ಅಂದರೆ 9.6. ಬರೀ ಹದಿನಾರು ಕೊಟ್ಟಿದ್ದಾರೆ ನೋಡಿ, ನೂರರ ಒಂದು ಬೀಜ ಪೂರ್ತಿ ತುಂಬದಷ್ಟು ಸಣ್ಣ ಸಾಲ. ಅದೇ ಪದ್ಯ ಅಲ್ಲಿಗೇ ನಿಲ್ಲುವುದಿಲ್ಲ. ಅಸಲು ಮತ್ತು ಬಡ್ಡಿ ಗೊತ್ತಿದ್ದರೆ ಕಾಲ ಎಷ್ಟು ಹೇಳು, ಕಾಲ ಮತ್ತು ಬಡ್ಡಿ ಗೊತ್ತಿದ್ದರೆ ಅಸಲು ಎಷ್ಟು ಹೇಳು ಎಂದೂ ಕೇಳುತ್ತದೆ. ಮುಂದಕ್ಕೆ ಹೋಗುವ ಲೆಕ್ಕ, ಹಿಂದಕ್ಕೆ ಬರುವ ಲೆಕ್ಕ ಒಂದೇ ಉಸಿರಿನಲ್ಲಿ. ನಾವು ಅವೆರಡನ್ನು ಬೇರೆ ಬೇರೆ ಅಭ್ಯಾಸಕ್ಕೆ ಹಾಕಿ, ಬೇರೆ ಬೇರೆ ಸೂತ್ರ ಕೊಟ್ಟು, ನಡುವೆ ಎರಡು ವಾರ ಬಿಟ್ಟುಬಿಡುತ್ತೇವೆ. ಲೀಲಾವತಿಗೂ ಮುನ್ನೂರು ವರ್ಷ ಹಿಂದೆ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲೂ ಬಡ್ಡಿ ಲೆಕ್ಕಗಳಿಗೆ ದೊಡ್ಡ ಜಾಗವೇ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಈಗಿನ ಕಲಬುರಗಿ ಜಿಲ್ಲೆಯಲ್ಲಿದೆ. ಸಾವಿರ ವರ್ಷದಿಂದ ಈ ನೆಲದಲ್ಲಿ ಸಾಲ ಕೊಟ್ಟವರು, ತಂದವರು ಇದೇ ಲೆಕ್ಕ ಮಾಡಿದ್ದಾರೆ. ಅದು ನಮ್ಮ ಮಕ್ಕಳಿಗೆ ಪರದೇಶಿ ವಿದ್ಯೆಯ ಹಾಗೆ ಕಂಡರೆ ನನಗೆ ಬೇಜಾರಾಗುತ್ತದೆ.

ಭತ್ತ ಮತ್ತು ಅಕ್ಕಿ

ಆ ಹುಡುಗಿಯ ಪ್ರಶ್ನೆಗೆ ವಾಪಸ್ ಬರುತ್ತೇನೆ. ಡಿಸೆಂಬರ್ ಕೊನೆ ಇರಬೇಕು. ಕೊಯ್ಲು ಮುಗಿದಿತ್ತು. ಶಾಲೆಯ ಪಕ್ಕದ ರಸ್ತೆ ತುಂಬ ಭತ್ತ ಒಣಗಲು ಹರವಿದ್ದರು. ತರಗತಿಗೆ ಹೋಗಿ, "ಯಾರ ಮನೇಲಿ ಭತ್ತ ಬೆಳೀತೀರಿ?" ಅಂದೆ. ಮುಕ್ಕಾಲು ಪಾಲು ಕೈ ಮೇಲೆದ್ದವು. "ಒಂದು ಕ್ವಿಂಟಲ್ ಭತ್ತ ಮಿಲ್‌ಗೆ ಹಾಕಿಸಿದ್ರೆ ಎಷ್ಟು ಅಕ್ಕಿ ಬರುತ್ತೆ?" ಜಗಳವೇ ಶುರುವಾಯಿತು. ಒಬ್ಬ ಅರವತ್ತು ಅಂದ. ಇನ್ನೊಬ್ಬ ಎಪ್ಪತ್ತು ಅಂದ. "ಚೆನ್ನಾಗಿ ಒಣಗಿರ್ಬೇಕು ಮಿಸ್, ಇಲ್ಲಾಂದ್ರೆ ಬರೀ ನುಚ್ಚು" ಎಂದು ಹಿಂದಿನ ಬೆಂಚಿನವನು ಎದ್ದು ನಿಂತ. ಬೇರೆ ದಿನ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ತಳಿ ಮೇಲೆ ಹೋಗುತ್ತೆ ಅಂದರು. ಮಿಲ್ ಮೇಲೆ ಹೋಗುತ್ತೆ ಅಂದರು. ಸರ್ಕಾರ ಬೆಂಬಲ ಬೆಲೆಗೆ ಕೊಂಡ ಭತ್ತವನ್ನು ಮಿಲ್‌ಗೆ ಕೊಟ್ಟಾಗ ಕ್ವಿಂಟಲ್‌ಗೆ 67 ಕೆ.ಜಿ. ಅಕ್ಕಿ ವಾಪಸ್ ಕೇಳುತ್ತದೆ, ಕುಸುಬಲಕ್ಕಿಯಾದರೆ 68 ಎಂದು ನಾನು ಹೇಳಿದೆ. "ನಮ್ಮೂರ ಮಿಲ್ಲಲ್ಲಿ ಅಷ್ಟು ಬರಲ್ಲ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಕೊನೆಗೆ ಅರವತ್ತೈದಕ್ಕೆ ರಾಜಿಯಾಯಿತು. ಉಳಿದ ಮೂವತ್ತೈದು ಹೊಟ್ಟು, ತವುಡು, ನುಚ್ಚು.

ಕ್ವಿಂಟಲ್ ಅಂದರೆ ನೂರು ಕೆ.ಜಿ. ಇದು ನನಗೆ ಆವತ್ತೇ ಸರಿಯಾಗಿ ಹೊಳೆದಿದ್ದು. ಕ್ವಿಂಟಲ್ ಲೆಕ್ಕದಲ್ಲಿ ಮಾತಾಡುವ ರೈತರ ಮಕ್ಕಳೆಲ್ಲ ದಿನವೂ ಶೇಕಡಾದಲ್ಲೇ ಮಾತಾಡುತ್ತಿದ್ದಾರೆ. ನಾನು ಅದನ್ನು ಬೋರ್ಡಿಗೆ ತಂದಿರಲಿಲ್ಲ. "ಮನೇಲಿ ಅಕ್ಕನ ಮದುವೆ. 130 ಕೆ.ಜಿ. ಅಕ್ಕಿ ಬೇಕು. ಎಷ್ಟು ಭತ್ತ ಹಾಕಿಸ್ತೀರಿ?" ಎಂದು ಕೇಳಿದೆ. ಮಾತು ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ "ಎರಡು ಕ್ವಿಂಟಲ್" ಬಂತು. ಅದು ತಿರುಗಿ ನಿಂತ ಲೆಕ್ಕ. ಪ್ರತಿ ವರ್ಷ ಇಡೀ ತರಗತಿಯನ್ನು ಸದ್ದಿಲ್ಲದೆ ಕೂರಿಸುವ ಲೆಕ್ಕ. ಒಬ್ಬರೂ 130ರ ಶೇ. 35ನ್ನು 130ಕ್ಕೆ ಕೂಡಲಿಲ್ಲ. ಹಾಗೆ ಕೂಡಿದ್ದರೆ 175.5 ಬರುತ್ತಿತ್ತು, ಮದುವೆ ಮನೆಯಲ್ಲಿ ಅಕ್ಕಿ ಸಾಲುತ್ತಿರಲಿಲ್ಲ. ಹೊಟ್ಟು ಹೋಗುವುದು ಭತ್ತದಿಂದ, ಅಕ್ಕಿಯಿಂದಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ಬೋರ್ಡಿನ ಇನ್ನೊಂದು ಬದಿಗೆ ಸೀರೆಯ ಲೆಕ್ಕ ಬರೆದೆ. 960. ಶೇ. 20 ರಿಯಾಯಿತಿ. ಏನೂ ಹೇಳದೆ ನಿಂತೆ. ಆ ಹುಡುಗಿ ಎರಡನೇ ಬೆಂಚಿನಲ್ಲಿದ್ದಳು. ಒಮ್ಮೆ ಭತ್ತದ ಕಡೆ ನೋಡಿದಳು, ಒಮ್ಮೆ ಸೀರೆಯ ಕಡೆ ನೋಡಿದಳು. ಪೆನ್ಸಿಲ್ ತುದಿ ಕಚ್ಚಿಕೊಂಡೇ ಎದ್ದು ನಿಂತಳು. "960 ಅಂದ್ರೆ ಅಕ್ಕಿ ಮಿಸ್. ನಾನು ಅಕ್ಕಿ ಮೇಲೆ ಇಪ್ಪತ್ತು ತೆಗ್ದಿದ್ದೆ. ಅಂಗಡಿಯವ್ರು ತೆಗ್ದಿರೋದು ಭತ್ತದ ಮೇಲೆ." ಬಂದು ಬರೆದಳು. ನೂರಕ್ಕೆ ಎಂಬತ್ತು ಉಳಿಯಿತು. ಎಂಬತ್ತು ಪಾಲಿಗೆ 960. ಒಂದು ಪಾಲಿಗೆ 12. ನೂರು ಪಾಲಿಗೆ 1200. ಸೂತ್ರ ಎಲ್ಲೂ ಇರಲಿಲ್ಲ. ನನಗೆ ಗಂಟಲು ಕಟ್ಟಿತು. ಬೋರ್ಡಿನ ಕಡೆ ತಿರುಗಿ ಸುಮ್ನೆ ಡಸ್ಟರ್ ಹುಡುಕಿದೆ.

ಅವತ್ತಿನಿಂದ ನಮ್ಮ ತರಗತಿಯಲ್ಲಿ ಅದೊಂದು ಮಾತಾಗಿಬಿಟ್ಟಿದೆ. ಯಾವ ಲೆಕ್ಕ ಬಂದರೂ ಮೊದಲು ಕೇಳುವುದು: ಇದರಲ್ಲಿ ಭತ್ತ ಯಾವುದು, ಅಕ್ಕಿ ಯಾವುದು? ಲಾಭದ ಲೆಕ್ಕದಲ್ಲಿ ಭತ್ತ ಅಂದರೆ ಕೊಂಡ ಬೆಲೆ. ರಿಯಾಯಿತಿಯಲ್ಲಿ ನಮೂದಿಸಿದ ಬೆಲೆ. ತೆರಿಗೆ ಸೇರಿಸಿ 1180 ರೂಪಾಯಿ ಬಿಲ್ ಬಂದು ಅದರಲ್ಲಿ ಜಿಎಸ್‌ಟಿ ಶೇ. 18 ಇದ್ದರೆ, ತೆರಿಗೆ 180 ರೂಪಾಯಿ. 1180ಕ್ಕೇ 18 ಹಾಕಿ 212 ಅನ್ನುವ ದೊಡ್ಡವರನ್ನೂ ನೋಡಿದ್ದೇನೆ. 2025ರ ಜನವರಿಯಲ್ಲಿ ನಮ್ಮ ಬಸ್ ದರ ಶೇ. 15 ಏರಿತು. ನೂರು ಇದ್ದದ್ದು ನೂರ ಹದಿನೈದಾಯಿತು. ಮತ್ತೆ ನೂರಕ್ಕೇ ಇಳಿಸಬೇಕಾದರೆ ಶೇ. 15 ಬೇಡ, ಸುಮಾರು 13 ಸಾಕು ಎಂದು ಮಕ್ಕಳೇ ಕಂಡುಹಿಡಿದರು. ಅರ್ಧ ಗಂಟೆ ಕಿತ್ತಾಡಿ ಕಂಡುಹಿಡಿದರು. ಎಸ್‌ಎಸ್‌ಎಲ್‌ಸಿ ಬರೆದ ಅಣ್ಣ-ಅಕ್ಕಂದಿರ 625 ಅಂಕಗಳ ಲೆಕ್ಕವನ್ನೂ ಮಾಡಿದೆವು. 625ಕ್ಕೆ 500 ಬಂದರೆ ಶೇ. 80. ಅಲ್ಲಿ ಒಂದೊಂದು ಅಂಕವೂ ನೂರಕ್ಕೆ 0.16 ಮಾತ್ರ. ಅದನ್ನು ಕೇಳಿ ಒಬ್ಬ ಹುಡುಗನಿಗೆ ಸಮಾಧಾನವಾಯಿತು. ಅವನ ಅಣ್ಣನಿಗೆ ಆರು ಅಂಕ ಕಡಿಮೆ ಬಂತೆಂದು ಮನೆಯಲ್ಲಿ ಗಲಾಟೆಯಾಗಿತ್ತಂತೆ.

ಎಲ್ಲರಿಗೂ ಬಂತು ಎಂದು ಹೇಳಲಾರೆ. ನಾಲ್ಕೈದು ಮಕ್ಕಳಿಗೆ ಭಿನ್ನರಾಶಿಯೇ ಗಟ್ಟಿಯಿಲ್ಲ. ಅವರಿಗೆ ಭತ್ತ-ಅಕ್ಕಿಯೂ ಇನ್ನೊಂದು ಬಾಯಿಪಾಠವಾಯಿತು. 80 ಪಾಲಿಗೆ 960 ಆದರೆ ಒಂದು ಪಾಲಿಗೆ ಎಷ್ಟು ಎಂಬಲ್ಲಿ ಭಾಗಾಕಾರ ಕೈಕೊಡುತ್ತದೆ. ಅವರ ಜೊತೆ ನಾನು ಸಂಜೆ ಕೂತು ಹುಣಸೆ ಬೀಜದಿಂದಲೇ ಶುರು ಮಾಡುತ್ತೇನೆ. ನಿಧಾನ ಆಗುತ್ತದೆ. ಪಠ್ಯ ಮುಗಿಸಿಲ್ಲ ಎಂದು ಮೇಲಿನವರು ಕೇಳುತ್ತಾರೆ. ಕೇಳಲಿ. ಏಳು, ಎಂಟನೇ ತರಗತಿ ದಾಟಿದ ಮೇಲೆ ಶೇಕಡಾ ಅಂದರೆ ಏನು ಎಂದು ಯಾರೂ ಮತ್ತೆ ಕೂರಿಸಿಕೊಂಡು ಹೇಳುವುದಿಲ್ಲ. ಅದು ಬರುತ್ತದೆ ಎಂದುಕೊಂಡೇ ಬ್ಯಾಂಕಿನವರು, ಸಂಘದವರು, ಅಂಗಡಿಯವರು ಮುಂದೆ ಕಾಗದ ಚಾಚುತ್ತಾರೆ.

ಹನ್ನೆರಡು ಕಂತು

ಫೆಬ್ರುವರಿಯಲ್ಲಿ ಆ ಹುಡುಗಿ ಒಂದು ಕಾಗದ ತಂದಳು. ನಾಲ್ಕಾಗಿ ಮಡಚಿ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು. ಅವಳ ಅಮ್ಮ ತೆಗೆದುಕೊಂಡ ಸಾಲದ್ದು. 30,000 ರೂಪಾಯಿ. ತಿಂಗಳಿಗೆ 2,800ರಂತೆ ಹನ್ನೆರಡು ಕಂತು. ಒಟ್ಟು 33,600. "ಬಡ್ಡಿ ಹನ್ನೆರಡು ಅಂತ ಹೇಳವ್ರೆ ಮಿಸ್. 3,600 ಅಂದ್ರೆ ಸರಿಯಾಗೇ ಐತೆ. ಆದ್ರೆ ನಂಗೆ ಏನೋ ಅನುಮಾನ" ಅಂದಳು. ಏನು ಅನುಮಾನ ಎಂದೆ. "ಅಮ್ಮ ಪ್ರತಿ ತಿಂಗಳು ಅಸಲೂ ಕಟ್ತಾ ಅವ್ಳೆ. ಕೊನೇಲಿ ಅಮ್ಮನ ಹತ್ರ 30,000 ಇರಲ್ವಲ್ಲ. ಹನ್ನೆರಡು ಯಾವ ನೂರಕ್ಕೆ ಮಿಸ್?"

ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತೆವು. ಪ್ರತಿ ಕಂತಿನಲ್ಲಿ 2,500 ಅಸಲು, 300 ಬಡ್ಡಿ. ಅವಳು ನೋಟ್‌ಬುಕ್‌ನಲ್ಲಿ ಮೂರು ಕಂಬಸಾಲು ಎಳೆದಳು. ತಿಂಗಳು, ಉಳಿದ ಅಸಲು, ನೂರಕ್ಕೆ ಎಷ್ಟು. ಮೊದಲ ತಿಂಗಳು 30,000ಕ್ಕೆ 300. ನೂರಕ್ಕೆ ಒಂದು. ಎರಡನೇ ತಿಂಗಳು ಉಳಿದದ್ದು 27,500. ಬಡ್ಡಿ ಮಾತ್ರ ಅದೇ 300. ನೂರಕ್ಕೆ ಒಂದಕ್ಕಿಂತ ಜಾಸ್ತಿ. ಅವಳು ಒಂದೊಂದೇ ಸಾಲು ಇಳಿಯುತ್ತಾ ಹೋದಳು. ಏಳನೇ ತಿಂಗಳಿಗೆ 15,000 ಉಳಿದಿತ್ತು, ನೂರಕ್ಕೆ ಎರಡು. ಹತ್ತನೇ ತಿಂಗಳಿಗೆ 7,500 ಉಳಿದಿತ್ತು, ನೂರಕ್ಕೆ ನಾಲ್ಕು. ಹನ್ನೊಂದನೇ ತಿಂಗಳಿಗೆ ಆರು. ಹನ್ನೆರಡು ತಿಂಗಳ ಬಾಕಿಯ ಸರಾಸರಿ ತೆಗೆದೆವು. 16,250 ಬಂತು. ಅದರ ಮೇಲೆ ವರ್ಷಕ್ಕೆ 3,600 ಅಂದರೆ ನೂರಕ್ಕೆ 22 ದಾಟುತ್ತದೆ. ಕಾಗದದಲ್ಲಿ ಇದ್ದದ್ದು ಹನ್ನೆರಡು. ಅಂಕಿ ಸುಳ್ಳಲ್ಲ. ಅಮ್ಮ ವಾಪಸ್ ಕೊಟ್ಟಾದ ದುಡ್ಡಿಗೂ ಸೇರಿಸಿ ಹಾಕಿದ ಹನ್ನೆರಡು ಅದು.

ಕೊನೆಯ ಸಾಲು ಇನ್ನೂ ಖಾಲಿ ಇತ್ತು. ಹನ್ನೆರಡನೇ ತಿಂಗಳು, ಉಳಿದ ಅಸಲು 2,500, ಬಡ್ಡಿ 300. ಅವಳು ಭಾಗಿಸಿದಳು. ನೂರಕ್ಕೆ ಹನ್ನೆರಡು ಬಂತು, ಅದೂ ಒಂದೇ ತಿಂಗಳಿಗೆ. ತಪ್ಪಾಗಿದೆ ಎಂದುಕೊಂಡು ರಬ್ಬರಿನಲ್ಲಿ ಉಜ್ಜಿ ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ ಬಂತು. ಸ್ವಲ್ಪ ಹೊತ್ತು ಆ ಕಂಬಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಆಮೇಲೆ ಆ ಹಾಳೆಯನ್ನು ಅಂಚು ಹರಿಯದ ಹಾಗೆ ನಿಧಾನವಾಗಿ ನೋಟ್‌ಬುಕ್‌ನಿಂದ ಬಿಡಿಸಿ, ಸಾಲದ ಕಾಗದದ ಜೊತೆ ಮಡಚಿ, ಬಾಕ್ಸಿನೊಳಗೆ ಇಟ್ಟಳು.

"ಅಮ್ಮನ್ಗೆ ತೋರಿಸ್ಲಾ ಮಿಸ್?" ಅಂದಳು.

"ತೋರ್ಸು" ಅಂದೆ. "ಭತ್ತ ಅಂತ ಶುರು ಮಾಡು."